ಚಿಕೋರಿ ಲೆಕ್ಕ ಕೊಡುವ ಪ್ಯಾಕೆಟ್ಟು ಕೂಲಿಯ ಲೆಕ್ಕವನ್ನೂ ಕೊಡಲಿ

ಭಾರತೀಯ ಕಾಫಿ ಮಂಡಳಿಯ ಅಧ್ಯಕ್ಷರಿಗೆ,



ನಿಮ್ಮ ಕಚೇರಿ ಇರುವ ಬೆಂಗಳೂರಿನ ಯಾವ ಕಾಫಿಪುಡಿ ಅಂಗಡಿಯ ಮುಂದೆ ನಿಂತರೂ ಕಿವಿಗೆ ಬೀಳುವ ಮೊದಲ ಮಾತು, ‘ಎಂಬತ್ತು-ಇಪ್ಪತ್ತಾ, ಅರವತ್ತು-ನಲವತ್ತಾ?’ ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬ ಪ್ರಶ್ನೆ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ, ಯಾವುದು ಎಷ್ಟಿದೆ ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಲೇಬೇಕು. ಕೊಳ್ಳುವವರಿಗೆ ಮೋಸವಾಗದಿರಲೆಂದು ಮಾಡಿದ ನಿಯಮವಿದು, ಒಳ್ಳೆಯ ನಿಯಮ. ಅದೇ ಪ್ಯಾಕೆಟ್ಟು ಕಾಫಿ ಹಣ್ಣು ಯಾವ ಸೀಮೆಯದು, ಕೊಯ್ದವರಿಗೆ ಕನಿಷ್ಠ ಕೂಲಿ ಸಿಕ್ಕಿತೇ, ಅವರ ಮಕ್ಕಳು ಕೊಯ್ಲಿನ ತಿಂಗಳುಗಳಲ್ಲಿ ಶಾಲೆಯಲ್ಲಿದ್ದರೇ ಎಂಬುದರ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ.

ಕೊಯ್ಲು ಹೇಗೆ ನಡೆಯುತ್ತದೆಂದು ನಿಮಗೆ ಹೇಳಬೇಕಾದ್ದಿಲ್ಲ. ಆದರೆ ಪುಡಿ ಕೊಳ್ಳುವ ಬಹಳ ಮಂದಿ ಅದನ್ನು ಕಂಡವರಲ್ಲ. ಇಬ್ಬನಿ ಆರುವ ಮುನ್ನವೇ ಹೆಂಗಸರು ಗಿಡದ ಬುಡದಲ್ಲಿರುತ್ತಾರೆ. ಅರೇಬಿಕಾ ಆದರೆ ಕೆಂಪಾದದ್ದನ್ನಷ್ಟೇ ಆರಿಸಿ ಬಿಡಿಸಬೇಕು. ಒಂದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಸಂಜೆ ಚೀಲ ಹೊತ್ತು ತಂದು ತಕ್ಕಡಿಯ ಮುಂದೆ ಸಾಲು ನಿಲ್ಲಬೇಕು. ತೋಟದ ಲೆಕ್ಕ ಬರೆಯುವ ರೈಟರು ತೂಕವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹೀಗೆ ಐದಾರು ಕೆಜಿ ಹಣ್ಣು ಕೊಯ್ದರೆ ಸಿಗುವ ಬೀಜ ಒಂದು ಕೆಜಿ, ಹುರಿದಾಗ ಅದೂ ಇಳಿಯುತ್ತದೆ. ಕೊಯ್ದವರು ಅಸ್ಸಾಮಿನಿಂದ ಬಂದವರಾದರೆ, ಇಲ್ಲಿನ ಭಾಷೆ ಬಾರದ ಅನೇಕರಿಗೆ ಆ ಪುಸ್ತಕದಲ್ಲಿ ಏನು ಬರೆದಿದೆ ಎಂದು ಓದಲೂ ಬರುವುದಿಲ್ಲ. ಮೇಸ್ತ್ರಿ ಹೇಳಿದ್ದೇ ಲೆಕ್ಕ.

2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ನಾಡಿಗೆಲ್ಲ ಸುದ್ದಿಯಾಯಿತು. ಅರಣ್ಯ ಒತ್ತುವರಿಯೋ ಅಲ್ಲವೋ ಎಂಬ ಚರ್ಚೆಯಲ್ಲೇ ದಿನ ಕಳೆಯಿತು. ಆ ಜನರಲ್ಲಿ ಬಹುಪಾಲು ಕಾಫಿ ತೋಟದ ಮಾಲೀಕರು ಆಳುಗಳಿಗೆ ಕೊಡುವ ಲೈನ್ ಮನೆಗಳಿಂದ ಹೊರಬಂದವರು ಎಂಬುದು ಮಾತ್ರ ಹಿಂದೆ ಸರಿಯಿತು. ಲೈನ್ ಮನೆಯಲ್ಲಿದ್ದರೆ ಕೆಲಸ ಬಿಡುವಂತಿಲ್ಲ, ಕೆಲಸ ಬಿಟ್ಟರೆ ಸೂರು ಇಲ್ಲ. ಸಾಲವಿದ್ದರಂತೂ ಮುಗಿಯಿತು. ಕರ್ನಾಟಕ ಈ ದೇಶದ ಕಾಫಿಯ ಸುಮಾರು ಶೇ 70ರಷ್ಟನ್ನು ಬೆಳೆಯುತ್ತದೆ. ಅದರಲ್ಲಿ ಕೊಡಗಿನ ಪಾಲು ದೊಡ್ಡದು. ಹಾಗಾಗಿ ದಿಡ್ಡಳ್ಳಿಯ ಜನರ ದುಡಿಮೆ ನಮ್ಮ ಫಿಲ್ಟರಿನಲ್ಲಿ ಇಳಿದಿಲ್ಲ ಎಂದು ಯಾರೂ ಹೇಳಲಾರರು.

ಎಲ್ಲ ಬೆಳೆಗಾರರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈಯುವ ಉದ್ದೇಶ ನನಗಿಲ್ಲ. ಅವರಲ್ಲಿ ಬಹುತೇಕರು ಸಣ್ಣ ಹಿಡುವಳಿದಾರರು. ಆನೆ ಕಾಟ, ಹೊತ್ತಲ್ಲದ ಹೊತ್ತಿನ ಮಳೆ, ಆಳಿನ ಅಭಾವ ಎಲ್ಲವನ್ನೂ ಅವರು ಉಣ್ಣುತ್ತಿದ್ದಾರೆ. 1951ರ ತೋಟ ಕಾರ್ಮಿಕರ ಕಾಯ್ದೆ ತಿದ್ದುಪಡಿಯಾದ ಮೇಲೂ ವಸತಿ, ಆಸ್ಪತ್ರೆ, ಶಿಶುವಿಹಾರದ ಹೊಣೆ ಹೊರಿಸಿದ್ದು 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಅಥವಾ ಹೆಚ್ಚು ಆಳುಗಳಿರುವ ತೋಟಗಳಿಗೆ ಮಾತ್ರ. ಅದಕ್ಕಿಂತ ಚಿಕ್ಕ ತೋಟದಲ್ಲಿ ದುಡಿದವರು ಆಗಿನಿಂದಲೂ ಲೆಕ್ಕದ ಹೊರಗೇ ಉಳಿದರು. 2024ರಲ್ಲಿ ರೊಬಸ್ಟಾ ದರ ಹಿಂದೆಂದೂ ಇಲ್ಲದಷ್ಟು ಏರಿತು. ಅಂಗಡಿಯಲ್ಲಿ ನಾವೂ ಹೆಚ್ಚು ಕೊಟ್ಟೆವು. ಆ ಏರಿಕೆಯಲ್ಲಿ ಕೊಯ್ಲಿನವರ ಕೈಗೆ ಎಷ್ಟು ಹೋಯಿತೆಂದು ತಿಳಿಯುವ ದಾರಿ ಕೊಳ್ಳುವವರಿಗೆ ಇಲ್ಲ.

ಇದೆಲ್ಲ ಪತ್ತೆ ಹಚ್ಚಲಾಗದು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯುರೋಪ್ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆಯ ನಿಯಮ ತಂದಿತು. ಅಲ್ಲಿಗೆ ಹೋಗುವ ಕಾಫಿ, ಕೋಕೋ ಯಾವ ಜಮೀನಿನದು ಎಂಬ ಗುರುತು ಬೇಕು. ಬೆಳೆದ ದೇಶದ ಕಾರ್ಮಿಕ ಕಾನೂನು ಪಾಲನೆಯಾಗಿರಬೇಕು. ಅದಕ್ಕಾಗಿ ನಿಮ್ಮ ಮಂಡಳಿಯೇ ಬೆಳೆಗಾರರ ನೋಂದಣಿಗೆ ಇಳಿಯಿತು. ಒಕ್ಕೂಟದ ನಿಯಮದ ಜಾರಿ ಮುಂದೆ ಹೋಗುತ್ತಿದ್ದರೂ ನೋಂದಣಿಯ ಕೆಲಸ ನಿಂತಿಲ್ಲ. ಇಟಲಿಯ ಗ್ರಾಹಕನಿಗಾಗಿ ಮಾಡುವುದನ್ನು ಹಾಸನದ ಗ್ರಾಹಕನಿಗಾಗಿ ಏಕೆ ಮಾಡಬಾರದು?

ಕಂಪನಿಗಳು ತಾವಾಗಿಯೇ ಸರಿಪಡಿಸಿಕೊಳ್ಳುತ್ತವೆ ಎನ್ನುವವರು ಚಾಕೊಲೇಟಿನ ಕಥೆ ನೋಡಲಿ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಐವರಿ ಕೋಸ್ಟ್ ಮತ್ತು ಘಾನಾದಿಂದ ಬರುತ್ತದೆ. ಅಲ್ಲಿನ ಬಾಲಕಾರ್ಮಿಕತೆಯ ಅತಿ ಕೆಟ್ಟ ರೂಪಗಳನ್ನು 2005ರೊಳಗೆ ತೊಲಗಿಸುವ ದಾರಿ ಮಾಡುತ್ತೇವೆಂದು ದೊಡ್ಡ ಚಾಕೊಲೇಟ್ ಕಂಪನಿಗಳು 2001ರಲ್ಲಿ ಅಮೆರಿಕದಲ್ಲಿ ಸಹಿ ಹಾಕಿದವು. ಗಡುವು 2008 ಆಯಿತು, 2010 ಆಯಿತು, 2020ಕ್ಕೂ ಹೋಯಿತು. 2020ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದಾಗ ಆ ಎರಡು ದೇಶಗಳ ಕೋಕೋ ತೋಟಗಳಲ್ಲಿ 15 ಲಕ್ಷಕ್ಕೂ ಹೆಚ್ಚು ಮಕ್ಕಳು ದುಡಿಯುತ್ತಿದ್ದರು. ಕೇಳುವ ಅಧಿಕಾರವಿರುವವರು ಕೇಳದೆ ಇದು ಸರಿಹೋಗುವುದಿಲ್ಲ. ಹಾಗೆಂದು ಬೇರೆ ದಾರಿಯೇ ಇಲ್ಲವೆಂದಲ್ಲ. ಪುತ್ತೂರಿನಲ್ಲಿ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ, ಅಡಿಕೆ ತೋಟದ ನಡುವೆ ಬೆಳೆದ ಕೋಕೋವನ್ನು ರೈತರಿಂದಲೇ ಕೊಳ್ಳುತ್ತದೆ. ಬೆಳೆದವರಿಗೂ ತಿನ್ನುವವರಿಗೂ ನಡುವಿನ ದಾರಿಯನ್ನು ಗಿಡ್ಡ ಮಾಡಲು ಸಾಧ್ಯ ಎಂಬುದಕ್ಕೆ ಬೇರೆ ಊರಿಗೆ ಹೋಗಿ ನೋಡಬೇಕಿಲ್ಲ.

ಬೆಳೆಗಾರರ ಕಾಫಿಯನ್ನು ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ಪದ್ಧತಿ 1996ರಲ್ಲಿ ಪೂರ್ತಿ ಕೊನೆಗೊಂಡ ಮೇಲೆ ಮಾರುಕಟ್ಟೆಯ ಮೇಲೆ ಮಂಡಳಿಗೆ ಹಿಂದಿನ ಹಿಡಿತ ಇಲ್ಲ, ಲೇಬಲ್ ನಿಯಮ ಆಹಾರ ಸುರಕ್ಷತಾ ಪ್ರಾಧಿಕಾರದ ಕೈಯಲ್ಲಿದೆ ಎಂಬುದು ಗೊತ್ತು. ಆದರೂ ಮಂಡಳಿಯ ಹೆಸರಿನಲ್ಲೇ ಮಾರಾಟವಾಗುವ ಪುಡಿ ಇದೆಯಲ್ಲ, ಅದರಿಂದ ಶುರು ಮಾಡಿ. ಯಾವ ತಾಲ್ಲೂಕಿನ ಕಾಫಿ, ಕೊಯ್ಲಿಗೆ ಕೊಟ್ಟ ಕೂಲಿ ಎಷ್ಟು ಎಂಬ ಎರಡು ಸಾಲು ಅದರ ಮೇಲೆ ಬರಲಿ. ನೋಂದಣಿಯಲ್ಲಿ ಜಮೀನಿನ ಜೊತೆಗೆ ಕೂಲಿ ಮತ್ತು ವಸತಿಯ ವಿವರಕ್ಕೂ ಜಾಗ ಮಾಡಿ. ಸಣ್ಣ ಬೆಳೆಗಾರರಿಗೆ ಇದರ ಖರ್ಚು ಬೀಳದಂತೆ ಮಂಡಳಿಯೇ ನೋಡಿಕೊಳ್ಳಲಿ. ಉಳಿದ ಪುಡಿ ಮಾರಾಟಗಾರರಿಗೂ ಇದೇ ನಿಯಮ ತರುವಂತೆ ಪ್ರಾಧಿಕಾರಕ್ಕೆ ಬರೆಯಿರಿ.

ಡಿಸೆಂಬರ್ ಬಂದರೆ ಮತ್ತೆ ಕೊಯ್ಲು. ಅಷ್ಟರೊಳಗೆ ಮೊದಲ ಪ್ಯಾಕೆಟ್ಟು ಹೊರಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಕಾಫಿ ಕೊಳ್ಳುವ ಒಬ್ಬ ನಾಗರಿಕ