ಪುಸ್ತಕ ತೋರಿಸಿ ಎನ್ನಿ, ಪಾಠ ನಿಲ್ಲಿಸಿ ಎನ್ನಬೇಡಿ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಅಪ್ಪ ಅಮ್ಮಂದಿರೇ, ಈ ಮಾತು ನಿಮಗೆ.

2025ರ ಮಾರ್ಚ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ವಿಧಾನ ಪರಿಷತ್ತಿನಲ್ಲಿ ಹೇಳಿದ್ದು ನೆನಪಿರಬಹುದು: ಎಂಟರಿಂದ ಹನ್ನೆರಡನೇ ತರಗತಿವರೆಗೆ ಲೈಂಗಿಕ ಶಿಕ್ಷಣ, ವಾರಕ್ಕೆ ಎರಡು ತರಗತಿ, ಪಾಠ ಮಾಡುವವರು ವೈದ್ಯರು. “ಎಂಟನೇ ಕ್ಲಾಸಿನ ಮಕ್ಕಳಿಗೆ ಇದೆಲ್ಲ ಎಂತಕ್ಕೆ ಮಾರಾಯ್ರೆ, ನಮಗೆ ಯಾರು ಕಲಿಸಿದ್ದು?” ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಏಳುವ ಪ್ರಶ್ನೆ ಇದು. ಇದನ್ನು ತಿಳಿಗೇಡಿತನವೆಂದು ನಗುವ ಬುದ್ಧಿವಂತರ ಸಾಲಿನಲ್ಲಿ ನಾನಿಲ್ಲ. ಮಗುವಿಗೆ ಯಾರು, ಯಾವಾಗ, ಏನು ಹೇಳಿಕೊಡುತ್ತಾರೆಂದು ಹೆತ್ತವರು ಕೇಳದೆ ಇನ್ಯಾರು ಕೇಳಬೇಕು?

ಕೇಳಬೇಕಾದ್ದು ಬೇಕಾದಷ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮಳೆಗಾಲದ ಜ್ವರದ ಸಾಲನ್ನು ಬಿಟ್ಟು ವಾರಕ್ಕೆರಡು ಸಲ ಹೈಸ್ಕೂಲಿಗೆ ಬರುವುದು ಆಗುವ ಮಾತೇ? ಬಂದರೂ ಹುಡುಗಿಯರ ಜೊತೆ ಕೂತು ಮಾತಾಡಲು ಮಹಿಳಾ ವೈದ್ಯರು ಸಿಗುತ್ತಾರೆಯೇ? ದೇಹದ ಭಾಗಗಳ ಹೆಸರು ಹೇಳಿ, ಚಿತ್ರ ತೋರಿಸಿ ಅವರು ಹೊರಟುಹೋದರೆ ಪ್ರೀತಿ, ಮುನಿಸು, ಒತ್ತಾಯ, ಹೆದರಿಕೆ, ಬೇಡವೆನ್ನುವ ಧೈರ್ಯ ಇವನ್ನೆಲ್ಲ ಹೇಳಿಕೊಡುವವರು ಯಾರು? ಅಂಗರಚನೆ ಹತ್ತನೇ ತರಗತಿಯ ವಿಜ್ಞಾನದಲ್ಲಿ ಈಗಲೂ ಇದೆ. ‘ಅದನ್ನು ಮನೆಯಲ್ಲಿ ಓದಿಕೊಳ್ಳಿ’ ಎಂದು ಟೀಚರು ಪುಟ ದಾಟಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಸರ್ಕಾರ ಬದಲಾದಂತೆ ಪಠ್ಯ ಬದಲಾಗುವುದನ್ನು 2022ರಲ್ಲಿ ಕಣ್ಣಾರೆ ನೋಡಿದ ಪೋಷಕರಿಗೆ ‘ನಮ್ಮನ್ನು ನಂಬಿ’ ಎಂಬ ಇಲಾಖೆಯ ಭರವಸೆ ಸಾಲದು. ಪುಸ್ತಕ ಕೈಗೆ ಕೊಡಿ, ಮೊದಲು ನಾವು ಓದುತ್ತೇವೆ ಎನ್ನುವುದು ನಿಮ್ಮ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಸ್ಥಾನವನ್ನು ಹೆತ್ತವರಿಗೆ ಕೊಟ್ಟಿದೆ, ಒಟ್ಟು ಸ್ಥಾನಗಳಲ್ಲಿ ಅರ್ಧ ಹೆಂಗಸರದ್ದು. ನಮ್ಮ ಎಸ್‌ಡಿಎಂಸಿ ಎಂದರೆ ಅದೇ. ಅಲ್ಲಿ ಬಿಸಿಯೂಟದ ಅಕ್ಕಿ, ಕಾಂಪೌಂಡು, ಹೆಂಚು ಎಲ್ಲ ಚರ್ಚೆಯಾಗುತ್ತದೆ. ಪಾಠ ಚರ್ಚೆಯಾಗುವುದು ಅಪರೂಪ.

ಕೇಳುವುದು ಸರಿ, ಬಾಗಿಲು ಹಾಕುವುದು ತಪ್ಪು. ಬಾಗಿಲು ಹಾಕಿ ನೋಡಿದ್ದೂ ಆಗಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಮತ್ತು ಕೇಂದ್ರದ ಶಿಕ್ಷಣ ಸಚಿವಾಲಯ ಸೇರಿ ತಂದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು 2007ರಲ್ಲಿ ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಜೊತೆ ಕರ್ನಾಟಕವೂ ತಡೆಹಿಡಿಯಿತು. ಆಗ ಶಿಕ್ಷಣ ಸಚಿವರಾಗಿದ್ದವರು ಬಸವರಾಜ ಹೊರಟ್ಟಿ. ಶಿಕ್ಷಕರ ಕೈಪಿಡಿಯ ಚಿತ್ರಗಳ ಬಗ್ಗೆ ಬಂದ ಆಕ್ಷೇಪದಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಚಿತ್ರ ಬದಲಿಸಿ, ವಯಸ್ಸಿಗೆ ತಕ್ಕಂತೆ ತಿದ್ದಿ ಎಂದು ಹಟ ಹಿಡಿಯಬಹುದಿತ್ತು. ಪಾಠವನ್ನೇ ಎತ್ತಿಟ್ಟರು. 2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿಯೂ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದೇ ವರದಿ ಕೊಟ್ಟಿತು.

ಪಾಠ ನಿಂತ ಅದೇ 2007ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನ ಅದು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಕಂಡವರು ಶೇ. 53.22. ಅವರಲ್ಲಿ ಗಂಡುಮಕ್ಕಳೇ ಅರ್ಧಕ್ಕಿಂತ ಹೆಚ್ಚು! ಕರ್ನಾಟಕ ಆ ಪಟ್ಟಿಯಲ್ಲಿರಲಿಲ್ಲ, ಆದರೆ ನಮ್ಮ ಎರಡು ಮಗ್ಗುಲಿನ ಗೋವಾ ಮತ್ತು ಕೇರಳ ಇದ್ದವು. ಒಂದು ಕೈಯಲ್ಲಿ ಆ ವರದಿ, ಇನ್ನೊಂದು ಕೈಯಲ್ಲಿ ಪಾಠ ನಿಲ್ಲಿಸುವ ಆದೇಶ. ಆಗ ಎಂಟನೇ ತರಗತಿಯಲ್ಲಿದ್ದವರು ಈಗ ಮೂವತ್ತು ದಾಟಿದ್ದಾರೆ, ತಮ್ಮ ಮಕ್ಕಳನ್ನು ಅಂಗನವಾಡಿಗೆ ಬಿಟ್ಟು ಬರುತ್ತಿದ್ದಾರೆ. ‘ನಮಗೆ ಯಾರು ಕಲಿಸಿದ್ದು’ ಎಂದು ಕೇಳುವವರಲ್ಲಿ ಅವರೂ ಇದ್ದಾರೆ. ಯಾರೂ ಕಲಿಸಲಿಲ್ಲ, ನಿಜ. ಹಾಗಾಗಿ ಏನೇನನ್ನು ಬಾಯಿಬಿಡದೆ ನುಂಗಿಕೊಂಡಿರಿ ಎಂದು ಒಮ್ಮೆ ನಿಮ್ಮನ್ನೇ ಕೇಳಿಕೊಳ್ಳಿ. ನನಗೆ ಹೇಳಬೇಕಾಗಿಲ್ಲ.

ಇನ್ನು ‘ಇದು ನಮ್ಮ ಸಂಸ್ಕೃತಿಯಲ್ಲ’ ಎಂಬ ಮಾತು. ನನಗೆ ಸಿಟ್ಟು ಬರುವುದು ಇಲ್ಲಿ. ಯಾವ ಸಂಸ್ಕೃತಿ? ಪೊನ್ನಿ ತಿಂಗಳ ಕೊನೆಗೆ, ಫೆಬ್ರವರಿಯಲ್ಲಿ, ತುಳುನಾಡಿನಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಆಮೇಲೆ ಎಣ್ಣೆ, ಅರಸಿನವಿಟ್ಟು ಅವಳಿಗೆ ಮೀಯುವ ಶಾಸ್ತ್ರ. ಅಜ್ಜ, ಅಪ್ಪ, ಗಂಡುಮಕ್ಕಳು ಎಲ್ಲರೂ ತಿಳಿದೇ ನಡೆಸುವ ಹಬ್ಬ ಇದು, ಯಾರಿಗೂ ನಾಚಿಕೆಯಿಲ್ಲ. ಅದೇ ಮನೆಯ ಮಗಳು ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಅಣ್ಣನ ಕಣ್ಣು ತಪ್ಪಿಸಿ ಬಚ್ಚಲಿಗೆ ಒಯ್ಯುತ್ತಾಳೆ. ಭೂಮಿಗೆ ಸಿಕ್ಕ ಮರ್ಯಾದೆ ಮಗಳಿಗೇಕಿಲ್ಲ?

ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಸಿರಿ ಜಾತ್ರೆ ನಡೆಯುತ್ತದೆ, ಹಿರಿಯಡಕದಲ್ಲೂ. ಸಿರಿಯ ಕತೆ ಏನು? ಬಸುರಿ ಹೆಂಡತಿಗೆಂದು ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಸೂಳೆ ಸಿದ್ದುವಿಗೆ ಉಡಿಸುತ್ತಾನೆ. ಸಿರಿ ಆ ಸೀರೆಯನ್ನು ಒಲ್ಲೆನೆನ್ನುತ್ತಾಳೆ, ಮಗು ಹೆತ್ತ ಮೇಲೆ ಗಂಡನ ಸಂಬಂಧವನ್ನೇ ಕಡಿದುಕೊಂಡು ಹೊರಡುತ್ತಾಳೆ, ಮುಂದೆ ಇನ್ನೊಂದು ಮದುವೆಯಾಗುತ್ತಾಳೆ. ಹಾದರ, ಅವಮಾನ, ಬಿಡುಗಡೆ, ಮರುಮದುವೆ ಎಲ್ಲ ಇರುವ ಈ ಕತೆಯನ್ನು ಪಾಡ್ದನದಲ್ಲಿ ಹಾಡುತ್ತ ಗದ್ದೆಯಲ್ಲಿ ನೇಜಿ ನೆಟ್ಟವರು ನಮ್ಮ ಅಜ್ಜಿಯಂದಿರು, ಮಕ್ಕಳನ್ನು ಬದುವಿನಲ್ಲಿ ಕೂರಿಸಿಕೊಂಡೇ. ಹೆಣ್ಣಿಗೆ ಅವಳ ದೈವ ಕೊಟ್ಟ ಧೈರ್ಯವನ್ನು ಪಠ್ಯಪುಸ್ತಕ ಕೊಟ್ಟರೆ ಸಂಸ್ಕೃತಿ ಕೆಡುತ್ತದೆಯೇ? ಕಾರ್ಕಳದ ಬೆಟ್ಟದ ಮೇಲೆ 1432ರಿಂದ ನಿಂತಿರುವ ಬಾಹುಬಲಿಯ ಮೈಮೇಲೆ ನೂಲೆಳೆಯಿಲ್ಲ. ಶಾಲಾ ಪ್ರವಾಸದ ಮಕ್ಕಳು ಆ 42 ಅಡಿಯ ಮೂರ್ತಿಯನ್ನು ತಲೆಯೆತ್ತಿ ನೋಡಿ ಬರುತ್ತಾರೆ. ಯಾರ ಮನಸ್ಸೂ ಕೆಟ್ಟ ಸುದ್ದಿಯಿಲ್ಲ.

ಅಷ್ಟಕ್ಕೇ ಹಿಗ್ಗಬೇಕಾಗಿಯೂ ಇಲ್ಲ. ಅಳಿಯಸಂತಾನದಲ್ಲಿ ಹೆಣ್ಣಿಗೆ ಎಲ್ಲ ಇತ್ತು ಎಂದು ಭಾಷಣ ಮಾಡುವವರು, ಆಸ್ತಿ ಅವಳ ಬಳ್ಳಿಯಲ್ಲಿ ಹರಿದರೂ ಯಜಮಾನಿಕೆ ನಡೆಸಿದ್ದು ಹೆಚ್ಚಾಗಿ ಸೋದರಮಾವನೇ ಎಂಬುದನ್ನೂ ಹೇಳಲಿ. ಮನೆಗೆ ಬರುವ ಪರಿಚಯದವನ ಕೈ ಎಲ್ಲೆ ಮೀರಿದಾಗ ಹುಡುಗ ಏನು ಮಾಡಬೇಕೆಂದು ಪಾಡ್ದನದಲ್ಲಿಲ್ಲ. ಪೋಕ್ಸೋ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿರುವವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳು ವರ್ಷ ವರ್ಷವೂ ಹೇಳುತ್ತವೆ. ಗುರುತಿಲ್ಲದವರ ಹತ್ತಿರ ಹೋಗಬೇಡ ಎಂಬ ನಮ್ಮ ಬುದ್ಧಿಮಾತು ಉಳಿದ ಆ ಒಬ್ಬನಿಗೆ ಮಾತ್ರ ಸಾಲುತ್ತದೆ.

ನಮ್ಮ ಜಿಲ್ಲೆಯ ಮನೆಗಳ ಸ್ಥಿತಿ ನಿಮಗೆ ಗೊತ್ತು. ಅಪ್ಪ ಮುಂಬಯಿಯ ಹೋಟೆಲಿನಲ್ಲೋ ದುಬೈಯಲ್ಲೋ. ಮಲ್ಪೆಯ ಬೋಟಿನವನಾದರೆ ದಿನಗಟ್ಟಲೆ ಕಡಲಿನಲ್ಲಿ. ಮನೆಯಲ್ಲಿ ಅಮ್ಮ, ಅಜ್ಜಿ, ಮತ್ತು ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ನಾವೇ ಸಾಲ ಮಾಡಿ ಕೊಡಿಸಿದ ಫೋನು. ಹದಿಮೂರರ ಹುಡುಗನ ಪ್ರಶ್ನೆಗೆ ಅಪ್ಪ ಸಿಗುವುದಿಲ್ಲ, ಅಮ್ಮನನ್ನು ಕೇಳುವ ಹಾಗಿಲ್ಲ, ಟೀಚರು ಪುಟ ದಾಟಿಸಿದ್ದಾರೆ. ಫೋನು ಮಾತ್ರ ಯಾವ ಹೊತ್ತಿಗೂ ಉತ್ತರ ಕೊಡುತ್ತದೆ. ಹೆಣ್ಣಿನ ನೋವನ್ನೇ ಸುಖವೆಂದು ತೋರಿಸುವ ಆ ಗುರುವಿನ ಪಠ್ಯವನ್ನು ತೋರಿಸಿ ಎಂದು ಯಾವ ಪೋಷಕರ ಸಭೆಯೂ ಕೇಳಿದ್ದಿಲ್ಲ. ಪಾಠ ಬೇಡವೆಂದರೆ ಮಕ್ಕಳು ಏನೂ ಕಲಿಯದೆ ಉಳಿಯುತ್ತಾರೆ ಎಂದುಕೊಂಡಿದ್ದೀರಾ?

2023ರ ಜುಲೈಯಲ್ಲಿ ಉಡುಪಿಯ ಖಾಸಗಿ ಕಾಲೇಜೊಂದರ ಶೌಚಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳ ವಿಡಿಯೊ ತೆಗೆದರೆಂಬ ಆರೋಪದಲ್ಲಿ ಮೂವರು ಸಹಪಾಠಿನಿಯರು ಅಮಾನತಾದರು. ಆಮೇಲೆ ನಡೆದದ್ದು ನೆನಪಿದೆಯಲ್ಲ? ಟಿವಿ ವ್ಯಾನುಗಳು, ಪ್ರತಿಭಟನೆ, ಯಾರ ಧರ್ಮ ಯಾವುದೆಂಬ ಕೂಗಾಟ. ಕೊನೆಗೆ ಪ್ರಕರಣ ಸಿಐಡಿಗೆ ಹೋಯಿತು. ಒಬ್ಬರ ಮೈ ಅವರದು, ಅವರು ಒಪ್ಪದೆ ನೋಡುವುದಾಗಲಿ ಚಿತ್ರ ತೆಗೆಯುವುದಾಗಲಿ ತಮಾಷೆಯಲ್ಲ ಎಂಬ ಪಾಠ ನಮ್ಮ ಯಾವ ತರಗತಿಯಲ್ಲಿದೆ ಎಂದು ಆ ಗದ್ದಲದಲ್ಲಿ ಕೇಳಿದವರು ಎಷ್ಟು ಮಂದಿ? ಆರೋಪ ನಿಜವೋ ಸುಳ್ಳೋ ನ್ಯಾಯಾಲಯ ನೋಡಲಿ. ಆ ಪಾಠ ಇಲ್ಲದಿರುವುದಕ್ಕೆ ತೀರ್ಪು ಕಾಯಬೇಕಾಗಿಲ್ಲ.

ಗಂಡುಮಕ್ಕಳ ಹೆತ್ತವರು ಇನ್ನೊಂದನ್ನು ಕಿವಿಗೊಟ್ಟು ಕೇಳಬೇಕು. ಹದಿನೇಳರ ಹುಡುಗಿ ತಾನೇ ಒಪ್ಪಿ ಬಂದಳು ಎಂಬುದು ಪೋಕ್ಸೋ ಕಾಯ್ದೆಯೆದುರು ನಿಲ್ಲುವುದಿಲ್ಲ. ಅಪರಾಧ ಸಾಬೀತಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಸಾಧ್ಯ. ನಿಮ್ಮ ಮಗನಿಗೆ ಇದು ಗೊತ್ತೇ? ಇಂಥದೇ ಒಂದು ಮೊಕದ್ದಮೆ 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂತು. ಅಷ್ಟರಲ್ಲಿ ಆ ಹುಡುಗ ಹುಡುಗಿ ಮದುವೆಯಾಗಿ, ಮಕ್ಕಳನ್ನೂ ಹೆತ್ತಿದ್ದರು. ಕನಿಷ್ಠ ಒಂಬತ್ತನೇ ತರಗತಿಯಿಂದಲಾದರೂ ಮಕ್ಕಳಿಗೆ ಈ ಕಾನೂನನ್ನು ತಿಳಿಸಿಕೊಡಿ ಎಂದು ನ್ಯಾಯಮೂರ್ತಿಗಳು ಶಿಕ್ಷಣ ಇಲಾಖೆಗೆ ಹೇಳಿದರು. ಉಡುಪಿ 2024ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು. ಆ ಅಂಕಪಟ್ಟಿಯಲ್ಲಿ ಈ ವಿಷಯಕ್ಕೆ ಕಾಲಂ ಇಲ್ಲ, ಅದಕ್ಕೇ ನಮಗೆ ಚಿಂತೆಯೂ ಇಲ್ಲ.

ಹೆಣ್ಣು ಗಂಡು ಎಂಬ ಎರಡು ಚೌಕಟ್ಟಿನಲ್ಲಿ ಕೂರದ ಮಕ್ಕಳ ಮಾತು ಬಂದರೆ ನಮ್ಮ ಗಾಬರಿ ಇಮ್ಮಡಿ. 2021ರ ನವೆಂಬರ್ ಆರಂಭದಲ್ಲಿ ಎನ್‌ಸಿಇಆರ್‌ಟಿ ತೃತೀಯಲಿಂಗಿ ಮಕ್ಕಳ ಕುರಿತ ಶಿಕ್ಷಕರ ತರಬೇತಿ ಕೈಪಿಡಿಯನ್ನು ತನ್ನ ಜಾಲತಾಣದಿಂದ ತೆಗೆದುಹಾಕಿತು. ಶೌಚಾಲಯದ ಬಗ್ಗೆ ಅದರಲ್ಲಿದ್ದ ಸಲಹೆಗಳ ಮೇಲೆ ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗಕ್ಕೆ ದೂರು ಹೋಗಿತ್ತು. ಅದೇ ತಿಂಗಳ 9ರಂದು ರಾಷ್ಟ್ರಪತಿ ಭವನದಲ್ಲಿ ಬಳ್ಳಾರಿ ಸೀಮೆಯ ತೃತೀಯಲಿಂಗಿ ಕಲಾವಿದೆ ಮಂಜಮ್ಮ ಜೋಗತಿ ಪದ್ಮಶ್ರೀ ತೆಗೆದುಕೊಂಡರು, ಸೆರಗಿನಿಂದ ರಾಷ್ಟ್ರಪತಿಯ ದೃಷ್ಟಿ ತೆಗೆದರು. ದೇಶವೇ ಚಪ್ಪಾಳೆ ತಟ್ಟಿತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ತಾನು ಯಾರೆಂದು ಹೇಳಿಕೊಳ್ಳಲಾಗದೆ ಒದ್ದಾಡಿ, ಮುಂದೆ ವಿಷ ಕುಡಿದು ಬದುಕಿ ಬಂದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಮಂಜಮ್ಮನ ಮೇಷ್ಟ್ರ ಕೈಯಲ್ಲಿ ಇರಬೇಕಾಗಿದ್ದ ಪುಸ್ತಕವನ್ನೇ ತೆಗೆದುಹಾಕಿದ ತಿಂಗಳು ಅದು. ನಾವೇನು ಕಮ್ಮಿಯೇ? ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯಿಡೀ ಮೆಚ್ಚುಗೆ, ಬೆಳಗ್ಗೆ ನಡಿಗೆ ಮೃದುವಾಗಿರುವ ಹುಡುಗನಿಗೆ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಹೆಸರು. ಕೈಪಿಡಿಯ ಪ್ರತಿ ಸಾಲನ್ನೂ ನೀವು ಒಪ್ಪಬೇಕೆಂದಿಲ್ಲ. ಆ ಹುಡುಗ ನಿಮ್ಮ ಮನೆಯವನೇ ಆಗಿದ್ದರೆ ಅವನ ಟೀಚರಿಗೆ ಏನು ಗೊತ್ತಿರಬೇಕೆಂದು ಬಯಸುತ್ತಿದ್ದಿರಿ, ಅದನ್ನು ಬರೆದುಕೊಡಿ.

ಮೇ ಕೊನೆಗೆ ಶಾಲೆ ತೆರೆಯುತ್ತದೆ. ಮೊದಲ ಎಸ್‌ಡಿಎಂಸಿ ಸಭೆಗೆ, ಖಾಸಗಿ ಶಾಲೆಯಾದರೆ ಪೋಷಕರ ಸಭೆಗೆ, ಇಬ್ಬರೂ ಹೋಗಿ. ಅಪ್ಪ ಊರಲ್ಲಿಲ್ಲದಿದ್ದರೆ ವಿಡಿಯೊ ಕಾಲಿನಲ್ಲಿ ಕೂರಲಿ. 2020ರಲ್ಲಿ ಶುರುವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ 11 ವಿಷಯಗಳಿವೆ. ಸಂಬಂಧ, ಲಿಂಗ ಸಮಾನತೆ, ಸಂತಾನ ಆರೋಗ್ಯ, ಇಂಟರ್ನೆಟ್ಟಿನ ಎಚ್ಚರ ಎಲ್ಲ ಅದರಲ್ಲಿ ಬರುತ್ತವೆ. ಶಾಲೆಗೆ ಇಬ್ಬರು ಶಿಕ್ಷಕರು, ಆದಷ್ಟು ಮಟ್ಟಿಗೆ ಒಬ್ಬರು ಗಂಡಸು ಒಬ್ಬರು ಹೆಂಗಸು, ತರಬೇತಿ ಪಡೆದಿರಬೇಕು. ನಮ್ಮ ಶಾಲೆಯ ಆ ಇಬ್ಬರು ಯಾರು ಎಂದು ಕೇಳಿ. ಅವರ ಕೈಯಲ್ಲಿರುವ ಪುಸ್ತಕ ಯಾವುದು, ಅದು ಕನ್ನಡದಲ್ಲಿದೆಯೇ, ಪುಟ ದಾಟಿಸದೆ ಕಲಿಸುತ್ತಾರೆಯೇ ಎಂದು ಕೇಳಿ. ಓದಿ ನಿಮಗೆ ಸರಿಕಾಣದ ಪುಟಕ್ಕೆ ಗುರುತು ಹಾಕಿ, ಹೀಗಿರಲಿ ಎಂದು ಬದಲಿ ಸೂಚಿಸಿ. ಮಣಿಪಾಲದಲ್ಲಿ 1953ರಿಂದ ಮೆಡಿಕಲ್ ಕಾಲೇಜಿದೆ. ಅಲ್ಲಿನ ವೈದ್ಯರನ್ನು ಮೊದಲು ನಿಮ್ಮ ಸಭೆಗೇ ಕರೆಸಿ, ಮಕ್ಕಳಿಗಿಂತ ಮುಂಚೆ ನೀವು ಪಾಠ ಕೇಳಿ. ಮಠ, ಚರ್ಚು, ಜಮಾಅತ್‌ಗಳ ಹಿರಿಯರನ್ನೂ ಕೂರಿಸಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಹೇಳುವುದನ್ನು ಅಡ್ಡಬಾಯಿ ಹಾಕದೆ ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಮಗುವಿನ ಪುಸ್ತಕದ ಹೊದಿಕೆಯ ಒಳಗೆ ನಿಮ್ಮ ಕೈಯಾರೆ ಬರೆಯಿರಿ.

ಶಾಲೆ ತಡಮಾಡಿದರೆ ಕಾಯಬೇಡಿ. ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ನಮ್ಮ ಭಾಷೆಯಲ್ಲೇ, ನಮ್ಮ ಮನೆಗಳನ್ನು ಬಲ್ಲವರಾಗಿ, ‘ಕೇಳು ಕಿಶೋರಿ’ ಬರೆದು ದಶಕಗಳೇ ಕಳೆದಿವೆ. ಇಂಥ ಒಂದು ಪುಸ್ತಕ ತನ್ನಿ, ಹಳತಾದ ಕಡೆ ಡಾಕ್ಟರನ್ನು ಕೇಳಿ ತಿದ್ದಿಕೊಳ್ಳಿ. ರಾತ್ರಿ ಊಟವಾದ ಮೇಲೆ ಹಾಳೆ ಎರಡು ಹಾಳೆ ಜೋರಾಗಿ ಓದಿ. ಮೊದಲ ದಿನ ನಾಲಗೆ ತಡವರಿಸುತ್ತದೆ, ತಡವರಿಸಲಿ. ಮಗಳಿಗೆಂದು ಓದುವಾಗ ಮಗನನ್ನು ಆಚೆ ಕಳಿಸಬೇಡಿ.