ಡಿಸ್ಕಿನ ಜಾಗಕ್ಕೂ ಲೆಕ್ಕ ಕೊಡಿ

ಇಚಲಕರಂಜಿಯಿಂದ ಗಡಹಿಂಗ್ಲಜದವರೆಗೆ ಮನೆಯ ಕಂಪ್ಯೂಟರಿನಲ್ಲಿ ಈಗ ಏನೆಲ್ಲ ಇರುತ್ತದೆ! ಮಗ್ಗದ ನೂಲಿನ ಲೆಕ್ಕ, ಜಮೀನಿನ ಸಾತ್‌ಬಾರಾ ಉತಾರದ ಸ್ಕ್ಯಾನ್ ಪ್ರತಿ, ಲಗ್ನದ ವಿಡಿಯೊ, ಹುಡುಗರ ಪ್ರಾಜೆಕ್ಟು. ಒಂದು ದಿನ ಸಿ ಡ್ರೈವಿನ ಪಟ್ಟಿ ಕೆಂಪಾಗುತ್ತದೆ. ರಿಪೇರಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ: ಫಾರ್ಮ್ಯಾಟ್ ಮಾಡಿಸಿ, ಇಲ್ಲವೇ ಹೊಸ ಡಿಸ್ಕ್ ಹಾಕಿಸಿ. ಇದ್ದ ಜಾಗ ಎಲ್ಲಿ ಹೋಯಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ಯಂತ್ರವನ್ನೂ ಅದರೊಳಗಿನ ವಿಂಡೋಸನ್ನೂ ಮಾರಿದವರು ಎಂಬುದು ನನ್ನ ವಾದ.

ಮೊದಲ ಕೊರತೆ ಕೊಂಡ ದಿನವೇ ಶುರು. ಪೆಟ್ಟಿಗೆಯ ಮೇಲೆ 256 ಜಿಬಿ, ತೆರೆಯ ಮೇಲೆ 238. ಡಿಸ್ಕ್ ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಗುಣಕದಲ್ಲಿ ಎಣಿಸಿ ಅದಕ್ಕೂ ಜಿಬಿ ಎಂದೇ ಹೆಸರಿಡುತ್ತದೆ. ಬೈಟುಗಳು ಅಷ್ಟೇ ಇವೆ, ಅಳತೆಗೋಲು ಬೇರೆ. ಕಬ್ಬಿನ ಕಾಟಾದ ಮೇಲೆ ಸದಾ ಕಣ್ಣಿಡುವ ಕೊಲ್ಲಾಪುರದ ರೈತನಿಗೆ ಇದರ ಕಿರಿಕಿರಿ ಬಿಡಿಸಿ ಹೇಳಬೇಕಿಲ್ಲ. ಅಮೆರಿಕದಲ್ಲಿ ಗ್ರಾಹಕರು ಇದನ್ನೇ ಹಿಡಿದು ಕೋರ್ಟಿಗೆ ಹೋದಾಗ, 2006ರಲ್ಲಿ ವೆಸ್ಟರ್ನ್ ಡಿಜಿಟಲ್, ಮರುವರ್ಷ ಸೀಗೇಟ್ ರಾಜಿ ಮಾಡಿಕೊಂಡವು. ಕಂಪ್ಯೂಟರ್ ಎಣಿಸುವುದೇ ಎರಡರ ಲೆಕ್ಕದಲ್ಲಿ ಎಂದು ಸಮರ್ಥಿಸುವವರಿದ್ದಾರೆ. ರ‍್ಯಾಮಿನ ಮಟ್ಟಿಗೆ ಅದು ಸರಿ, ಡಿಸ್ಕಿಗೆ ಆ ಕಟ್ಟುಪಾಡಿಲ್ಲ. ಆಪಲ್ 2009ರಲ್ಲೇ ಪೆಟ್ಟಿಗೆಯ ಲೆಕ್ಕವನ್ನೇ ತೆರೆಯ ಮೇಲೂ ತಂದಿತು.

ಎರಡನೆಯ ಕೊರತೆ ಮೆಲ್ಲಗೆ ಬೆಳೆಯುವಂಥದು. ಸಿ ಡ್ರೈವಿನಲ್ಲಿ ಕಾಣುವ ಫೋಲ್ಡರುಗಳನ್ನೆಲ್ಲ ಆಯ್ದು ಗಾತ್ರ ನೋಡಿದರೆ, ಒಟ್ಟು ಬಳಕೆಗಿಂತ ಎಷ್ಟೋ ಜಿಬಿ ಕಡಿಮೆ ಬರುವುದುಂಟು. ಆ ವ್ಯತ್ಯಾಸವೇ ‘ಕಳೆದುಹೋದ’ ಜಾಗ, ಮತ್ತು ಅದರ ಬಹುಪಾಲು ವಿಂಡೋಸಿನ ಕೈಯಲ್ಲೇ ಇರುತ್ತದೆ. ಯಂತ್ರ ಮಲಗುವಾಗ ಕೆಲಸವನ್ನು ಉಳಿಸಿಡುವ ಹೈಬರ್ನೇಟ್ ಫೈಲು ರ‍್ಯಾಮಿನ ಸುಮಾರು ಶೇ. 40ರಷ್ಟು ಹಿಡಿಯುತ್ತದೆ, ರ‍್ಯಾಮ್ ಸಾಲದಾದಾಗ ನೆರವಿಗೆ ಬರುವ ಪೇಜ್ ಫೈಲು ಬೇರೆ. ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುವ ರಿಸ್ಟೋರ್ ಪಾಯಿಂಟುಗಳು ನಮಗೆ ತೆರೆಯಲೂ ಬಾರದ ಫೋಲ್ಡರಿನಲ್ಲಿ ಕೂತಿರುತ್ತವೆ. 2019ರಿಂದೀಚೆಗೆ ಹೊಸ ಯಂತ್ರಗಳಲ್ಲಿ ಅಪ್‌ಡೇಟಿಗೆಂದೇ ಸುಮಾರು 7 ಜಿಬಿ ಮೀಸಲು. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಹಳೆಯ ವಿಂಡೋಸ್ ಪೂರ್ತಿ ಹತ್ತು ದಿನ ಬಿದ್ದಿರುತ್ತದೆ. ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್ ಎಂದು ಒಳಹೊಕ್ಕು ‘ಟೆಂಪರರಿ ಫೈಲ್ಸ್’ ಒತ್ತಿದರೆ ಇದರಲ್ಲಿ ಒಂದಿಷ್ಟು ಅಲ್ಲೇ ಬಿಡುಗಡೆಯಾಗುತ್ತದೆ, ಕಾಸು ಖರ್ಚಿಲ್ಲದೆ. ಗುರುತು ಹಾಕುವ ಮುನ್ನ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರೂ ಇದೆಯೇ ಎಂದು ನೋಡಿಕೊಳ್ಳಿ. ಉತಾರ, ಬ್ಯಾಂಕಿನ ಕಾಗದ ಎಲ್ಲ ಕೂತಿರುವುದು ಅಲ್ಲೇ.

ಎಲ್ಲವನ್ನೂ ತೋರಿಸಿದರೆ ಜನ ಬೇಕಾದ್ದನ್ನೂ ಅಳಿಸಿಬಿಡುತ್ತಾರೆ, ಅದಕ್ಕೇ ಮರೆಮಾಡಿದ್ದೇವೆ ಎನ್ನುವ ಮಾತಿನಲ್ಲಿ ತಥ್ಯವಿದೆ. ಆದರೆ ಬೀಗ ಹಾಕಿಯೂ ಲೆಕ್ಕ ತೋರಿಸಬಹುದಲ್ಲ. ಮುಟ್ಟಬಾರದ ಫೈಲಿನ ಎದುರು ಅದರ ಗಾತ್ರ, ಅದು ಏಕೆ ಬೇಕು ಎಂಬ ಒಂದು ಸಾಲು ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಸಾಕು. ಈಗ ಮುಚ್ಚಿಟ್ಟಿದ್ದರಿಂದ ಲಾಭವಾಗಿರುವುದು ‘ಕ್ಲೀನರ್’ ತಂತ್ರಾಂಶ ಮಾರುವವರಿಗೆ. ಫಾರ್ಮ್ಯಾಟಿನಿಂದ ಜಾಗ ಸಿಗುತ್ತದೆ, ನಿಜ; ಬ್ಯಾಕಪ್ ತೆಗೆಯದ ಮನೆಯಲ್ಲಿ ಅದರ ಜೊತೆಗೇ ಲಗ್ನದ ವಿಡಿಯೊ ಹೋಗುತ್ತದೆ, ಮತ್ತು ಕೆಲವೇ ತಿಂಗಳಲ್ಲಿ ಪಟ್ಟಿ ಮತ್ತೆ ಕೆಂಪಾಗುತ್ತದೆ. ಬಿಸ್ಕತ್ ಪೊಟ್ಟಣದ ಮೇಲೂ ನಿವ್ವಳ ತೂಕ ಬರೆಯಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೂ, ವಿಂಡೋಸ್ ಕೂತ ಮೇಲೆ ಕೊಂಡವನಿಗೆ ಉಳಿಯುವ ಜಾಗ ಇಷ್ಟು ಎಂದು ಕಡ್ಡಾಯವಾಗಿ ಅಚ್ಚು ಹಾಕಿಸಲು ಸರ್ಕಾರಕ್ಕೆ ತಾಂತ್ರಿಕ ಅಡ್ಡಿಯೇನೂ ಇಲ್ಲ.