ಪೇಪರ್ ಮಾರಿದಾತ, ಚಿಪ್ಸ್ ಆರಿಸಿದಾಕೆ

ರಾಕೆಟ್ಟು, ರೋಬೋಟು, ಬೇರೆ ಗ್ರಹದ ಕಥೆ ಬರೆಯೋನು ಅಂದ್ರೆ ದಪ್ಪ ಕನ್ನಡಕದ ವಿಜ್ಞಾನಿಯೇ ಇರಬೇಕು ಅಂತ ನಮ್ಮ ಹುಡುಗರ ಲೆಕ್ಕ. ಆದರೆ ಅಮೆರಿಕದ ಈ ಮೂವರನ್ನು ನೋಡಿ!

ರೇ ಬ್ರಾಡ್‌ಬರಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಲಾಸ್ ಏಂಜಲೀಸ್‌ನ ಬೀದಿಯಲ್ಲಿ ಪೇಪರ್ ಮಾರಿದ, ಲೈಬ್ರರಿಯಲ್ಲಿ ಕೂತು ಓದಿದ. ಆಮೇಲೆ ವಿಶ್ವವಿದ್ಯಾಲಯದ ಲೈಬ್ರರಿಯ ನೆಲಮಾಳಿಗೆಯಲ್ಲಿ, ಅರ್ಧ ಗಂಟೆಗೆ 10 ಸೆಂಟ್ ಬಾಡಿಗೆ ಕೊಟ್ಟು ಟೈಪ್‌ರೈಟರ್ ಕುಟ್ಟಿದ. ಆ ಕಥೆಯೇ ಬೆಳೆದು 1953ರಲ್ಲಿ ‘ಫ್ಯಾರನ್‌ಹೀಟ್ 451’ ಆಯಿತು. 1966ರಲ್ಲಿ ಫ್ರಾನ್ಸಿನ ತ್ರೂಫೋ ಅದನ್ನು ತೆರೆಗೆ ತಂದ.

ಆಕ್ಟೇವಿಯಾ ಬಟ್ಲರ್‌ಳ ತಾಯಿ ಮನೆಗೆಲಸದಾಕೆ. ಮಗಳು ಪಾತ್ರೆ ತೊಳೆದಳು, ಆಲೂಗಡ್ಡೆ ಚಿಪ್ಸ್ ಆರಿಸಿದಳು, ರಾತ್ರಿ 2 ಗಂಟೆಗೆ ಎದ್ದು ಬರೆದಳು. 1995ರಲ್ಲಿ ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು, 2,95,000 ಡಾಲರ್!

ಎಲ್ಲರಿಗೂ ಫಲ ಕೈಗೆ ಸಿಗುತ್ತಾ? ಇಲ್ಲ. ಫಿಲಿಪ್ ಕೆ. ಡಿಕ್ ಕಾಲೇಜು ಸೇರಿ ಬಿಟ್ಟವ, ರೆಕಾರ್ಡ್ ಅಂಗಡಿಯಲ್ಲಿ ದುಡಿದವ. ಅವನ 1968ರ ಕಾದಂಬರಿಯೇ ‘ಬ್ಲೇಡ್ ರನ್ನರ್’ ಚಿತ್ರವಾಯಿತು. ಕೆಲವು ತುಣುಕು ನೋಡಿ ಹಿಗ್ಗಿದ, ಅಷ್ಟೇ. 1982ರ ಮಾರ್ಚ್ 2ರಂದು ತೀರಿಕೊಂಡ. ಚಿತ್ರ ಬಿಡುಗಡೆಯಾದದ್ದು ಜೂನ್ 25ರಂದು.

ನಾನೂ ಪಿ.ಯು.ಸಿ. ಅರ್ಧಕ್ಕೆ ಬಿಟ್ಟವ. ಇವರ ಕಥೆ ಓದಿದಾಗ ಮೊದಲು ಖುಷಿಯಾಯಿತು, ಆಮೇಲೆ ಹೆದರಿಕೆ. ಕಾಲೇಜು ಬಿಡೋದು ಯಾರಿಗೂ ಆಗುತ್ತೆ. ರಾತ್ರಿ 2ಕ್ಕೆ ಎದ್ದು ಬರೆಯೋದು ಎಷ್ಟು ಜನಕ್ಕೆ ಆಗುತ್ತೆ ಹೇಳಿ?

ಟೈಟಲ್ ಕಾರ್ಡಿನಲ್ಲಿ ಹೀರೋ ಹೆಸರಿಗೆ ಶಿಳ್ಳೆ ಹಾಕ್ತೀರಿ, ಹಾಕಿ. ‘ಕಥೆ’ ಅಂತ ಬಂದಾಗಲೂ ಒಂದು ಇರಲಿ, ಗುರುಗಳೇ!